ರಿಪ್ಲೈ ಮಾವನ ಹಿನಕಲ್ ದಂಡಯಾತ್ರೆ

ಮೈಸೂರು ರೈಲ್ವೆ ಸ್ಟೇಷನ್ನಿನ ಧ್ವನಿವರ್ಧಕದಲ್ಲಿ ಒಬ್ಬಾಕೆ "ಪ್ರಯಾಣಿಕರ ಗಮನಕ್ಕೆ" ಅಂದ ಕೂಡಲೇ ತಲೆಯೆತ್ತಿ, "ಕೇಳಿಸ್ತು ಕಣಮ್ಮ, ಹೇಳು" ಎಂದು ಉತ್ತರ ಕೊಡುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿದ್ದರೆ ಅವರು ನಮ್ಮ ಮಾವನೇ! ಬೇರೆಯವರಾಗಿರಲು ಸಾಧ್ಯವೇ ಇಲ್ಲ. 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಎಂದು ಬರೆದ ಗೋಡೆಯ ಮುಂದೆ ಹಾದು ಹೋಗುವಾಗ "ಇಲ್ಲಪ್ಪ, ಮಾಡಲ್ಲ" ಎಂದು ಮಾತು ಕೊಟ್ಟು ಹೋಗುವವರೂ ಅವರೇ. ಮೊಬೈಲ್ ಬಂದ ಹೊಸತರಲ್ಲಿ, ಗೃಹಸಾಲ ಬೇಕೇ ಎಂದು ಕೇಳಿದ ಜಾಹೀರಾತಿನ ಸಂದೇಶಕ್ಕೆ "ಸದ್ಯಕ್ಕೆ ಬೇಡ, ಕೇಳಿದ್ದು ಸಂತೋಷ, ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎಂದು ಮರುಸಂದೇಶ ಕುಟ್ಟಿದ ಪುಣ್ಯಾತ್ಮರು! ಹುಚ್ಚೇ ಎಂದು ನೀವು ಕೇಳಬಹುದು. ನಾನು ಹ್ಞೂಂ ಅನ್ನುವುದಿಲ್ಲ, ಉಹ್ಞೂಂ ಅಂತಲೂ ಅನ್ನುವುದಿಲ್ಲ. ಕಥೆ ಕೇಳಿ, ಆಮೇಲೆ ನೀವೇ ಹೇಳಿ.

ಮಾವ ಅಂದರೆ ನಮ್ಮ ಅಮ್ಮನ ಅಣ್ಣ. ಅಗ್ರಹಾರದಲ್ಲಿ ನಮ್ಮದೊಂದು ಉದ್ದನೆಯ ಮನೆ, ರೈಲಿನ ಬೋಗಿಯ ಹಾಗೆ. ಮುಂಭಾಗದಲ್ಲಿ ನಾವು, ಹಿಂಭಾಗದಲ್ಲಿ ಮಾವ ಮತ್ತು ಅತ್ತೆ. ಅಪ್ಪನಿಗೆ ಪಾತ್ರೆ ಅಂಗಡಿ. ಸ್ಟೀಲು ಹಿತ್ತಾಳೆಗಳ ಆಚೆಗೆ ಪ್ರಪಂಚವೇ ಇಲ್ಲವೆಂದು ನಂಬಿದ್ದ ನಮ್ಮ ವಂಶದಲ್ಲಿ, ತೊಂಬತ್ತರ ದಶಕದಲ್ಲಿ, ಮಾವ ಹೋಗಿ ಕಂಪ್ಯೂಟರ್ ಕಲಿತುಬಿಟ್ಟರು! ಅವರು ಒಂದು ಖಾಸಗಿ ಬಸ್ ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಸೀಟು ಕಾದಿರಿಸಲು ಕಂಪನಿಯವರು ಕಂಪ್ಯೂಟರ್ ತರಿಸಿದಾಗ, 'ಇವರಿಗೆ ಟೈಪಿಂಗ್ ಬರುತ್ತೆ' ಎಂಬ ಒಂದೇ ಅರ್ಹತೆಯ ಮೇಲೆ ಮಾವನನ್ನು ತರಬೇತಿಗೆ ಅಟ್ಟಿದರು. ಹೋದವರು ಗುಮಾಸ್ತರು. ವಾಪಸು ಬಂದವರು ಯಾರೋ ಮಂತ್ರೋಪದೇಶ ಪಡೆದವರು!

ಮಂತ್ರ ಒಂದೇ ಒಂದು ಪದ. ರಿಪ್ಲೈ.

ಅದು ಕಂಪ್ಯೂಟರಿಗೆ ಕೊಡುವ ಒಂದು ಆಜ್ಞೆಯಂತೆ. ಬಂದ ದಿನವೇ ಮಾವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ವಿವರಿಸಿದರು. "ನೋಡಮ್ಮ, ಹೋಟ್ಲು ಅಂದ್ಕೋ. ನೀನು ಟೇಬಲ್ ಮುಂದೆ ಕೂತು ಮಸಾಲೆದೋಸೆ ಕೇಳ್ದೆ. ನೀನು ಕ್ಲೈಂಟು. ಒಳಗಡೆ ಒಬ್ಬ ಇದಾನೆ, ಸರ್ವರ್ರು. ಅವನು ದೋಸೆ ಹುಯ್ದ. ಹುಯ್ದರೆ ಸಾಕಾ? ಸಾಲದು! ತಂದು ನಿನ್ನ ಮುಂದೆ ಇಡಬೇಕು. ಹಾಗೆ ತಂದಿಡು ಅಂತ ಹೇಳೋ ಆಜ್ಞೆನೇ ರಿಪ್ಲೈ. ದೋಸೆ ಇಲ್ಲ ಅಂದ್ರೆ 'ಇಲ್ಲ' ಅಂತಾದರೂ ಬಂದು ಹೇಳ್ಬೇಕು. ಅದೂ ರಿಪ್ಲೈನೇ. ಏನೂ ಹೇಳದೆ ಒಳಗೇ ಕೂತುಬುಟ್ರೆ, ಇಲ್ಲಿ ನಿನ್ನ ಕೀಬೋರ್ಡು ಲಾಕು! ಏಳಂಗಿಲ್ಲ, ಇನ್ನೊಂದು ಕೇಳಂಗಿಲ್ಲ, ಮನೆಗೂ ಹೋಗಂಗಿಲ್ಲ."

ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಹಳ ಹೊತ್ತು ಯೋಚಿಸಿ ಕೇಳಿದರು. "ಅಂದ್ರೆ ಅಣ್ಣಾ, ಈಗ ನೀನು ಕಂಪ್ಯೂಟರ್ ಒಳಗೆ ಸಪ್ಲೈಯರ್ರಾ?"

ಅಮ್ಮ ಅದನ್ನು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ನಮ್ಮಣ್ಣ ದೊಡ್ಡ ಕಂಪನೀಲಿ ಸಪ್ಲೈಯರ್" ಎಂದು ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದರು. ಪರಿಣಾಮ ಏನಾಯಿತು ಗೊತ್ತೇ? ಬನ್ನಿಮಂಟಪದಲ್ಲಿ ಒಂದು ಗೃಹಪ್ರವೇಶ. ಮನೆಯ ಯಜಮಾನರು ಓಡಿ ಬಂದು, "ನಿಮಗೆ ಅಭ್ಯಾಸ ಇದೆಯಂತಲ್ಲ, ಒಂದು ಕೈ ಹಚ್ಚಿ ಸಾರ್" ಎಂದು ಸಾಂಬಾರಿನ ಬಕೆಟ್ಟನ್ನು ಮಾವನ ಕೈಗೇ ಕೊಟ್ಟುಬಿಟ್ಟರು! ಮಾವನಿಗೆ ಬೇಜಾರೇ? ಎಲ್ಲಿ ಬಂತು! ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ಆದರೆ ಒಬ್ಬೊಬ್ಬರ ಎಲೆಯ ಮುಂದೆ ನಿಂತು "ಹಾಕ್ಲಾ?" ಅನ್ನುವುದು, ಅವರು ಬಾಯಿಬಿಟ್ಟು ಹೇಳುವವರೆಗೆ ಕದಲದಿರುವುದು. ಬಾಯಲ್ಲಿ ಅನ್ನ ತುಂಬಿಕೊಂಡವರು ಕೈ ಅಡ್ಡ ಹಿಡಿದರೆ ನಡೆಯುವುದಿಲ್ಲ! "ನುಂಗ್ಕೊಂಡು ಹೇಳಿ, ಅವಸರ ಇಲ್ಲ." ಮೊದಲ ಸಾಲಿನವರು ಕೈತೊಳೆದು ಎಲೆಅಡಿಕೆ ಹಾಕಿಕೊಳ್ಳುವಾಗ ಕೊನೆಯ ಸಾಲಿನವರು ಇನ್ನೂ ಬರೀ ಅನ್ನದ ಮುಂದೆ ಧ್ಯಾನಸ್ಥರಾಗಿದ್ದರು. ಆ ಯಜಮಾನರು ಮುಂದೆ ಮಗಳ ಮದುವೆಗೆ ನಮ್ಮನ್ನೆಲ್ಲ ಕರೆದರು. ಮಾವನನ್ನು ಮಾತ್ರ "ನೀವು ಆರಾಮಾಗಿ ಕೂತ್ಕೊಂಡಿರಬೇಕು" ಎಂದು ಬೇರೆಯಾಗಿ ಕೇಳಿಕೊಂಡರು.

ಇಷ್ಟೆಲ್ಲ ಆದರೂ ಇದು ಬರೀ ಹೊಸ ಉತ್ಸಾಹ, ಇಳಿದು ಹೋಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅದು ಇಳಿಯದೆ ಮೂಳೆಗೆ ಹತ್ತಿದ್ದು ಧರ್ಮಸ್ಥಳದ ಬಸ್ಸಿನಿಂದ.

ಯಾರೋ ಪ್ರೋಗ್ರಾಮು ತಿದ್ದುವಾಗ ಒಂದು ಕಡೆ ಆ ರಿಪ್ಲೈ ಎಂಬ ಸಾಲು ಅಳಿಸಿಹೋಗಿತ್ತು. ಸೀಟು ಇಲ್ಲದಿದ್ದರೆ ಕಂಪ್ಯೂಟರ್ 'ಇಲ್ಲ' ಎಂದು ಹೇಳುತ್ತಿತ್ತು. ಸೀಟು ಸಿಕ್ಕರೆ ಮಾತ್ರ ಸಿಕ್ಕಿದೆ ಎಂದು ಹೇಳುತ್ತಿರಲಿಲ್ಲ! ಬೆಳಿಗ್ಗೆ ಒಬ್ಬ ಅಜ್ಜ ಬಂದು ಧರ್ಮಸ್ಥಳಕ್ಕೆ ಒಂದು ಸೀಟು ಕೇಳಿದರು. ಕೌಂಟರಿನಾಕೆ ಗುಂಡಿ ಒತ್ತಿದಳು. ಒಳಗೆ ಸೀಟು ಅಜ್ಜನ ಹೆಸರಿಗಾಯಿತು. ಹೊರಗೆ ಪರದೆ ಕಲ್ಲುಬಸವ! ಆಕೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಿ ಮತ್ತೆ ಒತ್ತಿದಳು. ಇನ್ನೊಂದು ಸೀಟೂ ಅಜ್ಜನಿಗೇ. ಮತ್ತೆ ಒತ್ತಿದಳು, ಮತ್ತೆ, ಮತ್ತೆ. ಕಟ್ಟಕಡೆಗೆ ಪರದೆ ಬಾಯಿಬಿಟ್ಟಿತು: 'ಬಸ್ ಭರ್ತಿ.'

"ಸೀಟಿಲ್ಲ ಅಜ್ಜ, ಬಸ್ಸು ಪೂರ್ತಿ ತುಂಬೋಗಿದೆ."

ಅಜ್ಜ ನಿಟ್ಟುಸಿರು ಬಿಟ್ಟು ಹೊರಗೆ ಬಂದು ನಿಂತರು. ಕಣ್ಣೆದುರಿಗೇ ಧರ್ಮಸ್ಥಳದ ಬಸ್ಸು ಹೊರಟಿದೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲ! ಅಜ್ಜ ವಾಪಸು ಬಂದು ಕೌಂಟರನ್ನು ಕುಟ್ಟಿದರು. "ಏನವ್ವಾ, ತುಂಬೋಗದೆ ಅಂದೆ. ಒಳಗೆ ದೆವ್ವಗಳು ಕೂತವಾ?"

ಮಾವ ಒಳಗಿನಿಂದ ಓಡಿಬಂದು, ಬಸ್ಸಿನ ಹಿಂದೆ ಚಪ್ಪಲಿ ಬಿಟ್ಟು ಓಡಿ ನಿಲ್ಲಿಸಿ ಅಜ್ಜನನ್ನು ಹತ್ತಿಸಿದರು. ಅಜ್ಜ ಮಹಾರಾಜರ ಹಾಗೆ ಇಡೀ ಬಸ್ಸಿನಲ್ಲಿ ಬೇಕಾದ ಕಡೆ ಕೂತು, ಬೇಕಾದ ಕಡೆ ಮಲಗಿ ಮಂಜುನಾಥನನ್ನು ಕಂಡು ಬಂದರಂತೆ. ಅವರಿಗೇನೂ ನಷ್ಟವಾಗಲಿಲ್ಲ. ಆದರೆ ಮಾವ ಆ ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕೂತವರು ಒಂದೇ ಮಾತು ಹೇಳಿದರು. "ಕೆಲಸ ಆಗಿತ್ತು ಕಣಮ್ಮ. ಸೀಟು ಸಿಕ್ಕಿತ್ತು. ಹೇಳಿರ್ಲಿಲ್ಲ ಅಷ್ಟೆ!"

ಅವತ್ತಿನಿಂದ ನಮ್ಮ ಮನೆಯಲ್ಲಿ ಮಿಲಿಟರಿ ಆಡಳಿತ. "ಊಟಕ್ಕೆ ಬನ್ನಿ" ಎಂದು ಅಮ್ಮ ಕೂಗಿದರೆ ಇದ್ದವರೆಲ್ಲ ಉತ್ತರ ಕೊಡಬೇಕು. "ಹ್ಞೂಂ" ನಡೆಯುವುದಿಲ್ಲ. ಹ್ಞೂಂ ಅಂದರೆ ಬರುತ್ತೀನಿ ಅಂತಲೋ, ಕೇಳಿಸಿತು ಅಂತಲೋ, ಸುಮ್ಮನೆ ನರಳಿದ್ದೋ? ಅತ್ತೆ ಒಮ್ಮೆ ರೇಗಿ, "ನಿಮ್ಮನ್ನ ಕಟ್ಕೊಳ್ಳುವಾಗ ಒಂದು ಸಲ ಹ್ಞೂಂ ಅಂದೆ ನೋಡಿ, ಅದೊಂದೇ ನಾನು ಮಾಡಿದ ತಪ್ಪು" ಅಂದರು. ಮಾವ ಗಂಭೀರವಾಗಿ "ರಿಪ್ಲೈ ಬಂತು, ಸಂತೋಷ" ಎಂದರು!

ಮಾರುಕಟ್ಟೆಗೆ ಹೋದರೆ ಇನ್ನೊಂದು ಅವತಾರ. "ಬನ್ನಿ ಸಾಮೀ ಮಲ್ಲಿಗೆ", "ಬದನೆಕಾಯಿ ನೋಡಿ ಅಣ್ಣಾ" ಎಂದು ಕರೆದವರಿಗೆಲ್ಲ ನಿಂತು ಉತ್ತರ. "ಬೇಡಮ್ಮ, ಮನೇಲಿ ಮೊನ್ನೇದೇ ಇದೆ." "ಬದನೆಕಾಯಿ ನಮ್ಮ ಭಾವನೋರಿಗೆ ಆಗಲ್ಲಪ್ಪ, ಮೈ ಕಡಿಯುತ್ತೆ." ಎಲ್ಲರಿಗೂ ಜವಾಬು ಕೊಟ್ಟು ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಬರೀ ಚೀಲ ಅಲ್ಲಾಡಿಸಿಕೊಂಡು ಮನೆಗೆ ಬರುವರು. ಕೊಂಡಿದ್ದೇನು? ಏನೂ ಇಲ್ಲ! ಆದರೆ ಇಡೀ ಮಾರುಕಟ್ಟೆಗೆ ನಮ್ಮಪ್ಪನ ಮೈಕಡಿತದ ಸಮಾಚಾರ ಗೊತ್ತು.

ನಗುತ್ತಿದ್ದೀರಾ? ನಾನೂ ನಗುತ್ತಿದ್ದೆ. ನನ್ನ ಕೀಬೋರ್ಡೇ ಲಾಕ್ ಆಗುವವರೆಗೆ!

ಆಗ ನನ್ನ ಬಿ.ಎಡ್. ಮುಗಿದಿತ್ತು. ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಬೇಕು ಎಂದು ತಿಳಿದು ಹೋಗಿ ಒಂದು ಪಾಠವನ್ನೂ ಮಾಡಿ ತೋರಿಸಿ ಬಂದಿದ್ದೆ. ಮುಖ್ಯೋಪಾಧ್ಯಾಯಿನಿಗೆ ಮೆಚ್ಚುಗೆಯಾಗಿತ್ತು. ಅದೇ ಹೊತ್ತಿಗೆ ಹಿನಕಲ್‌ನಿಂದ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ಕೇಸರಿಭಾತು ತಿಂದರು, ಕೇಸರಿಭಾತನ್ನು ಎರಡನೇ ಸಲವೂ ಹಾಕಿಸಿಕೊಂಡರು. ಹಾಡು ಬರುತ್ತಾ, ರೊಟ್ಟಿ ತಟ್ಟಕ್ಕೆ ಬರುತ್ತಾ ಎಂದೆಲ್ಲ ನನ್ನನ್ನು ಕೇಳಿದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಗಂಡಿನ ಕಡೆಯವರು ಅನಾದಿ ಕಾಲದಿಂದ ಹೇಳುತ್ತ ಬಂದಿರುವ ಮಾತನ್ನೇ ಹೇಳಿದರು. "ಊರಿಗೆ ಹೋಗಿ ತಿಳಿಸ್ತೀವಿ."

ಯಾವ ಊರು ಸ್ವಾಮಿ? ಹಿನಕಲ್! ಅದು ಊರಾಗಿ ಉಳಿದಿದ್ದು ಎಂದೋ ಮುಗಿದು, ಮೈಸೂರು ಅದನ್ನು ನುಂಗಿ ನೀರು ಕುಡಿದಾಗಿತ್ತು. ಸಿಟಿ ಬಸ್ಸಿನಲ್ಲಿ ಒಂದು ಸಣ್ಣ ತೂಕಡಿಕೆ ಮುಗಿಯುವಷ್ಟು ದೂರ. ಅಂಥ ಊರಿಗೆ ಹೋದವರು ತಿಳಿಸಲೇ ಇಲ್ಲ! ವಾರ ಕಳೆಯಿತು, ಇನ್ನೊಂದು ಕಳೆಯಿತು, ಆಷಾಢವೂ ಬಂತು. ಅಂಗಡಿಯ ಫೋನು ಗಣಗಣ ಅಂದಾಗಲೆಲ್ಲ ಅಪ್ಪ ಗಿರಾಕಿಯ ಕೈಯಲ್ಲಿದ್ದ ಪಾತ್ರೆಯನ್ನೂ ಕಿತ್ತಿಟ್ಟು ಓಡುವರು. ಯಾರೋ ಇಡ್ಲಿ ಪಾತ್ರೆಯ ಬೆಲೆ ಕೇಳುತ್ತಿರುವರು.

ಇತ್ತ ನಂಜನಗೂಡಿನ ದೊಡ್ಡ ಮೇಡಂ, "ಶನಿವಾರ ಮಧ್ಯಾಹ್ನ ಶಾಲೆ ಬಾಗಿಲು ಹಾಕೋದ್ರೊಳಗೆ ಬಂದು ಒಪ್ಪಿಗೆ ಹೇಳಮ್ಮ. ಇಲ್ಲಾಂದ್ರೆ ಸೋಮವಾರ ಬೇರೆಯವರು ಬರ್ತಾರೆ" ಎಂದು ಹೇಳಿ ಕಳಿಸಿದರು. ನಾನು ಅಪ್ಪನ ಮುಂದೆ ನಿಂತೆ. ಅಪ್ಪ ಒಳ್ಳೆಯವರೇ. ಆದರೆ ಅವರ ಕಷ್ಟ ಅವರಿಗೆ.

"ದಿನಾ ನಂಜನಗೂಡಿಗೆ ಓಡಾಡೋ ಸೊಸೆ ಅವರಿಗೆ ಬೇಕೋ ಬೇಡವೋ. ನಾವು ಕೇಳದೆ ಸೇರಿಸಿದ್ರೆ ಏನಂದ್ಕೊಂಡಾರು? ಅವರದ್ದೊಂದು ಮಾತು ಬರ್ಲಿ. ಬೇಡ ಅಂದ್ರೋ, ನಿನ್ನಿಷ್ಟ ಬಂದಂಗೆ ಮಾಡು, ನಾನು ಅಡ್ಡ ಬರಲ್ಲ."

"ಹಾಗಾದ್ರೆ ಕೇಳಿಬಿಡಿ ಅಪ್ಪ."

ನಾನು ಅಂದಿದ್ದು ಅಷ್ಟೇ. ಅಮ್ಮ ಎದೆ ಹಿಡಿದುಕೊಂಡರು. "ಹೆಣ್ಣಿನ ಕಡೆಯವರು ಮೇಲೆ ಬಿದ್ದು ಕೇಳೋದುಂಟಾ? ಮಾನ ಹೋಗುತ್ತೆ ಕಣೇ!"

ಹಿಂದಿನ ಬಾಗಿಲಿಂದ ಮಾವನ ಧ್ವನಿ ಬಂತು. "ಕೇಳಿದ್ರೆ ಮಾನ ಹೋಗುತ್ತೆ, ಹೇಳದೇ ಕೂತವರಿಗೆ ಹೋಗಲ್ವಾ? ಇದ್ಯಾವ ಸೀಮೆ ಮಾನ ಭಾವನೋರೇ?"

"ನೀವು ಸುಮ್ನಿರಿ ಭಾವ, ನಿಮಗೆ ಗೊತ್ತಾಗಲ್ಲ" ಎಂದರು ಅಪ್ಪ. ಮಾವ "ಸುಮ್ನಿರ್ತೀನಿ" ಎಂದು ಸ್ಪಷ್ಟವಾಗಿ ಉತ್ತರ ಕೊಟ್ಟು ಒಳಗೆ ಹೋದರು. ಅವರು ಅಷ್ಟು ಸಲೀಸಾಗಿ ಹೋದಾಗಲೇ ನನಗೆ ಅನುಮಾನ ಬರಬೇಕಿತ್ತು!

ಶನಿವಾರ ಬೆಳಿಗ್ಗೆ ಮಾವ ಸ್ಕೂಟರ್ ಒರೆಸಿ ನಿಲ್ಲಿಸಿದ್ದರು. "ಮಗೂನ ಬೆಟ್ಟಕ್ಕೆ ಕರ್ಕೊಂಡು ಹೋಗಿ ಚಾಮುಂಡಿಗೆ ಕೈಮುಗಿಸ್ಕೊಂಡು ಬರ್ತೀನಿ, ಪಾಪ, ಮುಖ ಬಾಡಿದೆ" ಎಂದರು. ಅಮ್ಮನಿಗೆ ಸಂತೋಷ. ಹೊರಟೆವು. ಅಗ್ರಹಾರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆಟ್ಟ ನನ್ನ ಬೆನ್ನ ಹಿಂದಿತ್ತು.

"ಮಾವ, ಬೆಟ್ಟ ಆ ಕಡೆ!"

"ಹೌದು."

"ನಾವು ಈ ಕಡೆ ಹೋಗ್ತಾ ಇದೀವಿ!"

"ಹೌದು."

"ಇದು ಹುಣಸೂರು ರಸ್ತೆ ಮಾವ! ಹಿನಕಲ್ ಬಂದ್ಬುಡುತ್ತೆ!"

"ಬರ್ಲಿ ಅಂತಾನೇ ಹೋಗ್ತಿರೋದು. ಗಟ್ಟಿಯಾಗಿ ಹಿಡ್ಕೋ!"

ನನ್ನ ಎದೆಯಲ್ಲಿ ದಸರಾ ಫಿರಂಗಿಗಳು ಸಿಡಿಯತೊಡಗಿದವು. ಇಳಿದು ಓಡಿಹೋಗಲೇ? ಹೇಗೆ ಓಡುವುದು, ಸ್ಕೂಟರ್ ಹಾರುತ್ತಿದೆ! ನಿಜ ಹೇಳಲೇ? ಭಯದ ಕೆಳಗೆ ಎಲ್ಲೋ ಒಂದು ಕಡೆ ಖುಷಿಯೂ ಕುಣಿಯುತ್ತಿತ್ತು.

ಗಂಡಿನ ಮನೆಯ ಜಗಲಿಯಲ್ಲಿ ಹುಡುಗನ ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ತಂದೆ ಪೇಪರ್ ಓದುತ್ತಿದ್ದರು. ಹೆಣ್ಣಿನ ಕಡೆಯವರು, ಅದೂ ಸಾಕ್ಷಾತ್ ಹೆಣ್ಣನ್ನೇ ಹಿಂದೆ ಕೂರಿಸಿಕೊಂಡು ಬಂದದ್ದನ್ನು ನೋಡಿ ಆ ತಾಯಿಯ ಕೈಯಿಂದ ಮೊರ ಜಾರಿತು. ತಂದೆ ಪೇಪರನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದರು!

"ಬನ್ನಿ, ಬನ್ನಿ... ಕಾಫಿ ಕುಡೀತೀರಾ?" ಎಂದರು ತಾಯಿ.

"ಕುಡೀತೀವಿ, ಸಕ್ಕರೆ ಕಮ್ಮಿ ಇರ್ಲಿ" ಎಂದರು ಮಾವ. "ನೋಡಿ, ನೀವು ಕೇಳಿದ್ರಿ, ನಾನು ತಕ್ಷಣ ಹೇಳ್ದೆ. ಈಗ ನಾನು ಕೇಳ್ತೀನಿ. ನಮ್ಮ ಹುಡುಗಿ ನಿಮಗೆ ಒಪ್ಪಿಗೆನೋ ಇಲ್ವೋ? ಇಲ್ಲ ಅಂದ್ರೂ ನಮಗೆ ಬೇಜಾರಿಲ್ಲ."

ತಂದೆ ಗಂಟಲು ಸರಿಮಾಡಿಕೊಂಡರು. "ಅದೂ... ಆಷಾಢ ಕಳೀಲಿ ಅಂತ..."

"ಆಷಾಢದಲ್ಲಿ ಮದುವೆ ಮಾಡಬಾರ್ದು ಸಾರ್. ಮಾತಾಡಬಾರ್ದು ಅಂತ ಯಾವ ಪಂಚಾಂಗದಲ್ಲೂ ಇಲ್ಲ."

"ಹಾಗಲ್ಲ, ನಮ್ಮ ಹಿರಿಯರೊಬ್ಬರು ಊರಿಂದ ಬರ್ಬೇಕು" ಎಂದು ತಾಯಿ ನೆರವಿಗೆ ಬಂದರು.

"ಯಾವಾಗ ಬರ್ತಾರೆ?"

"ಅವರು ಇನ್ನೂ ತಿಳಿಸಿಲ್ಲ."

ಮಾವ ಹಣೆ ಹಣೆ ಚಚ್ಚಿಕೊಂಡರು. "ಶಿವನೇ! ಅವರೂ ತಿಳಿಸಿಲ್ಲ!"

ಆಗ ಒಳಗಿನಿಂದ ಹುಡುಗನೇ ಬಂದ, ಹೆಗಲ ಮೇಲೆ ಟವೆಲ್ಲು, ಕೆನ್ನೆಯ ಮೇಲೆ ಅರ್ಧ ಕ್ಷೌರದ ನೊರೆ. ಅಪ್ಪ ಅಮ್ಮನ ಮುಖ ನೋಡಿದ, ಮಾವನ ಮುಖ ನೋಡಿದ, ಆಮೇಲೆ ನೇರವಾಗಿ ನನ್ನ ಕಡೆ ತಿರುಗಿದ.

"ಕ್ಷಮಿಸಿ ಕಣ್ರೀ. ನಿಮ್ಮನೆಗೆ ಬಂದಿದ್ದ ದಿನ, ವಾಪಸು ಬಂದು ಬಸ್ಸಿಳಿಯೋ ಮುಂಚೇನೇ ಇವರಿಗೆ ಬೇಡ ಅಂದಿದ್ದೆ. ನಿಮ್ಮಲ್ಲಿ ಏನೂ ಕೊರತೆ ಇಲ್ಲ. ನನ್ನ ಮನಸ್ಸು ಬೇರೆ ಕಡೆ ಇದೆ. ಇವರು ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ."

ತಾಯಿ ಸೆರಗಿನ ತುದಿ ತಿರುಚುತ್ತ ಮೆಲ್ಲಗೆ ಅಂದರು. "ಬೇಡ ಅನ್ನೋ ಮಾತು ಬಾಯಲ್ಲಿ ಹೆಂಗೆ ಬರುತ್ತೆ ಹೇಳಿ. ಹೆಣ್ಣುಮಗು ನೊಂದ್ಕೊಳ್ಳುತ್ತೆ. ಸುಮ್ಮನಿದ್ರೆ ನೀವೇ ಅರ್ಥ ಮಾಡ್ಕೋತೀರಿ ಅಂತ..."

ನೋಡಿದಿರಾ! ಅಲ್ಲಿ ಅವರು ನಾನು ನೊಂದುಕೊಳ್ಳಬಾರದೆಂದು ಸುಮ್ಮನಿದ್ದಾರೆ. ಇಲ್ಲಿ ನಾವು ಅವರು ಬೇಸರಪಟ್ಟುಕೊಳ್ಳಬಾರದೆಂದು ಸುಮ್ಮನಿದ್ದೇವೆ. ಎರಡೂ ಮನೆಯವರ ಒಳ್ಳೆಯತನದ ನಡುವೆ ಸಿಕ್ಕಿಕೊಂಡು ನನ್ನ ನಂಜನಗೂಡು ಅಪ್ಪಚ್ಚಿಯಾಗುತ್ತಿದೆ!

ಮಾವ ಜಿಗಿದೆದ್ದು ಆ ಹುಡುಗನನ್ನು ತಬ್ಬಿಕೊಂಡರು. ನೊರೆ ಇವರ ಅಂಗಿಗೂ ಆಯಿತು. "ಭೇಷ್ ಕಣಪ್ಪ! ಬಂತು ರಿಪ್ಲೈ! ಆ ಹುಡುಗಿಗಾದರೂ ಬೇಗ ಹೇಳು ಮಾರಾಯ, ಕಾಯಿಸಬೇಡ!" ನಾನೂ ತಡೆಯಲಾರದೆ "ಥ್ಯಾಂಕ್ಸ್ ಸಾರ್" ಎಂದುಬಿಟ್ಟೆ. ಬೇಡ ಎನ್ನಿಸಿಕೊಂಡು ಇಷ್ಟು ಸಂಭ್ರಮಪಟ್ಟ ಹೆಣ್ಣು ಮೈಸೂರು ಸೀಮೆಯಲ್ಲಿ ಇನ್ನೊಬ್ಬಳು ಇದ್ದಾಳೋ ಇಲ್ಲವೋ! ತಾಯಿ ಕಾಫಿ ಕೊಟ್ಟರು, ಕುಂಕುಮ ಇಟ್ಟರು, ನನ್ನ ಗಲ್ಲ ಸವರಿ "ಒಳ್ಳೇದಾಗ್ಲಿ ಕಣವ್ವ" ಎಂದರು. ಅವರ ಕಣ್ಣಲ್ಲಿ ದೊಡ್ಡದೊಂದು ಹೊರೆ ಇಳಿದ ಹಗುರ.

ಹೊರಗೆ ಬಂದೆವು. ನಾನು ನಗುತ್ತಿದ್ದೆ, ಮಾವ ನಗುತ್ತಿದ್ದರು, ಸ್ಕೂಟರೂ ನಗುತ್ತಿತ್ತೇನೋ! ಹುಣಸೂರು ರಸ್ತೆಯ ಒಂದು ದೊಡ್ಡ ಆಲದ ಮರದ ನೆರಳು ಬಂದ ಕೂಡಲೇ ಮಾವ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಪೆಟ್ರೋಲು ಮುಗಿಯಿತೇನೋ ಅಂದುಕೊಂಡೆ. ಅವರು ಇಳಿದು, ಸ್ಟ್ಯಾಂಡ್ ಹಾಕಿ, ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ.

"ಅವರಿಗೆ ನೀನು ಬೇಕೋ ಬೇಡ್ವೋ ಅಂತ ಎಲ್ಲರೂ ಕಾಯ್ತಾ ಕೂತಿದ್ವಿ. ನಿಂಗೇನು ಬೇಕು ಅಂತ ಯಾರೂ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ ನೋಡು, ಎಂಥ ಮನುಷ್ಯ ನಾನು! ಈಗ ಕೇಳ್ತಾ ಇದೀನಿ. ಹೇಳಮ್ಮ, ನಿಂಗೇನು ಬೇಕು?"

ಹೇಳುವುದೇನು ಕಷ್ಟ? ಅಷ್ಟು ದಿನದಿಂದ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ. ಮೊದಲು ಬಂದದ್ದು ಅಳು. ಎಲ್ಲಿಂದ ಬಂತೋ ಗೊತ್ತಿಲ್ಲ, ಬಿಕ್ಕಿ ಬಿಕ್ಕಿ ಬಂತು. ನಂಜನಗೂಡಿನ ಶಾಲೆ ಬಾಗಿಲು ಹಾಕುವ ಹೊತ್ತು ಹತ್ತಿರವಾಗುತ್ತಿದೆ ಎಂದು ಇಬ್ಬರಿಗೂ ಗೊತ್ತು. ಮಾವ ಗಡಿಯಾರ ನೋಡಲಿಲ್ಲ. ಮರದ ಬೇರಿನ ಮೇಲೆ ಕೂತು, ನನ್ನ ಮುಖ ಕಾಣದ ಹಾಗೆ ಆ ಕಡೆ ತಿರುಗಿ, ಹೋಗುವ ಬರುವ ಬಸ್ಸುಗಳನ್ನು ನೋಡತೊಡಗಿದರು.

"ನಿಧಾನವಾಗಿ ಹೇಳು. ನಾನಿಲ್ಲೇ ಇರ್ತೀನಿ."

ಎಷ್ಟು ಹೊತ್ತಾಯಿತೋ. ಸೆರಗಿನಿಂದ ಮುಖ ಒರೆಸಿಕೊಂಡು ಅಂದೆ. "ಪಾಠ ಹೇಳ್ಬೇಕು ಮಾವ."

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಎದ್ದು ಬಂದು, ಗಾಳಿಗೆ ಹಾರದ ಹಾಗೆ ನನ್ನ ಸೆರಗನ್ನು ನನ್ನ ಕೈಗೇ ಕೊಟ್ಟು, ಸ್ಕೂಟರ್ ಒದ್ದು ನಂಜನಗೂಡಿನ ದಾರಿ ಹಿಡಿದರು.